ಸುಮ್ನೆ ಐ5 ತಗೊಂಡ್ಬಿಡ್ರಿ!

ಊರಲ್ಲಿ ನೆಂಟರಿರುವ ಪ್ರತಿಯೊಬ್ಬ ಸಾಫ್ಟ್‌ವೇರ್ ಎಂಜಿನಿಯರಿಗೂ ವರ್ಷಕ್ಕೆ ಎರಡು-ಮೂರು ಸಲ ಒಂದು ಫೋನ್ ಬರುತ್ತೆ. ಹೆಚ್ಚಾಗಿ ಮೇ-ಜೂನ್ ತಿಂಗಳಲ್ಲಿ, ಹುಡುಗರ ರಿಸಲ್ಟ್ ಬಂದ ಮೇಲೆ. ನಾವು ಮೀಟಿಂಗಿನಲ್ಲಿ ಇರ್ತೀವಿ. ಮ್ಯೂಟ್ ಮಾಡಿ ಫೋನ್ ಎತ್ತಿದರೆ ಆ ಕಡೆಯಿಂದ, "ತಮ್ಮಾ, ಹುಡುಗಗ ಕಂಪ್ಯೂಟರ್ ಕೊಡಸಬೇಕಂತ ಸಿಂಧನೂರಿಗೆ ಬಂದೀವಿ. ಅಂಗಡ್ಯಾಗ ಅದೀವಿ. ಯಾವ್ದು ತಗೊಳ್ಳೂಣಪಾ?"

ನಾವು ಏನು ಹೇಳ್ತೀವಿ? "ಸುಮ್ನೆ ಐ5 ತಗೊಂಡ್ಬಿಡ್ರಿ. ಮೀಟಿಂಗ್‌ನ್ಯಾಗ ಅದೀನಿ, ಆಮ್ಯಾಲೆ ಮಾತಾಡ್ತೀನಿ." ಫೋನ್ ಕಟ್.

ಹತ್ತು ಸೆಕೆಂಡಿನ ಸಲಹೆ. ಆ ಸಲಹೆ ಕೇಳಿದವರು ಮಾತ್ರ ಒಂದು ವರ್ಷದ ಬೆಳೆ ಮಾರಿದ ದುಡ್ಡನ್ನು ಜೇಬಿನಲ್ಲಿ ಇಟ್ಟುಕೊಂಡು ಅಂಗಡಿಯಲ್ಲಿ ನಿಂತಿರ್ತಾರೆ. ನಮ್ಮ ಮಾತನ್ನು ಅವರು ಅನುಮಾನಿಸೋದಿಲ್ಲ. ಯಾಕಂದ್ರೆ ನಾವು ಬಿಇ ಓದಿದವರು, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲೇ ಇರೋರು. ನಾವು ಗೊತ್ತಿದ್ದು ಹೇಳಲಿಲ್ಲ, ಗೊತ್ತು ಮಾಡಿಕೊಳ್ಳೋ ತ್ರಾಸ ಬೇಡ ಅಂತ ಹೇಳಿದ್ವಿ ಅನ್ನೋದು ಅವರಿಗೆ ಹೇಗೆ ತಿಳೀಬೇಕು?

ಈ ಬರಹ ಅಂಗಡಿಯವರ ಮೇಲಲ್ಲ, ಕಂಪನಿಗಳ ಮೇಲೂ ಅಲ್ಲ. ನಮ್ಮ ಮೇಲೆ. ಮೊದಲ ತಪ್ಪಿತಸ್ಥ ನಾನೇ ಆಗಿರೋದರಿಂದ ನನ್ನಿಂದಲೇ ಶುರು ಮಾಡ್ತೀನಿ.

2020ರ ಲಾಕ್‌ಡೌನ್ ವರ್ಷ. ಅಕ್ಕನ ಮಗನಿಗೆ ಆನ್‌ಲೈನ್ ಕ್ಲಾಸು. ಅಕ್ಕನ ಮನೆ ಮಸ್ಕಿ ಹತ್ತಿರದ ಹಳ್ಳಿ. ಸಿಂಧನೂರು ಸೀಮೆ ಅಂದ ಕೂಡಲೇ ಎಲ್ಲರಿಗೂ ತುಂಗಭದ್ರಾ ಎಡದಂಡೆ ಕಾಲುವೆ, ಹಸಿರು ನೆಲ್ಲಿನ ಗದ್ದೆ, ರೈಸ್ ಮಿಲ್ಲು ಕಣ್ಣಿಗೆ ಬರುತ್ತೆ. ಆದರೆ ಕಾಲುವೆ ನೀರು ಎಲ್ಲರ ಹೊಲಕ್ಕೂ ಬರೋದಿಲ್ಲ. ಅಕ್ಕನ ಊರಲ್ಲಿ ಮಳೆ ನಂಬಿ ಹತ್ತಿ, ತೊಗರಿ, ಸಜ್ಜೆ. ಆ ಹತ್ತಿ ಮಾರಿದ ದುಡ್ಡಲ್ಲಿ 28 ಸಾವಿರ ತೆಗೆದಿಟ್ಟು ಅಕ್ಕ ಫೋನ್ ಮಾಡಿದಳು. ನಾನು "ಐ5" ಅಂದೆ. ಅಂಗಡಿಯವನೂ ಐ5 ಅಂದ. ಎಲ್ಲರಿಗೂ ಸಮಾಧಾನ.

ದೀಪಾವಳಿಗೆ ಊರಿಗೆ ಹೋದಾಗ ಅದನ್ನು ನೋಡಿದೆ. ಹೊಸ ಕ್ಯಾಬಿನೆಟ್ಟು, ಕೆಂಪು-ನೀಲಿ ದೀಪ, ಮುಂದೆ ಮಿನುಗುವ ಸ್ಟಿಕ್ಕರು. ಅಕ್ಕ ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದಳು. ಆನ್ ಮಾಡಿ ಒಳಗೇನಿದೆ ಅಂತ ನೋಡಿದರೆ ಐ5-2400. ಅದು ಮಾರುಕಟ್ಟೆಗೆ ಬಂದಿದ್ದು 2011ರ ಜನವರಿಯಲ್ಲಿ. ಒಂಬತ್ತು ವರ್ಷ ಹಳೇ ಪ್ರೊಸೆಸರು, 4 ಜಿಬಿ ಡಿಡಿಆರ್3 ಮೆಮೊರಿ, ಹೆಸರಿಲ್ಲದ ಮದರ್‌ಬೋರ್ಡು. ಯಾವುದೋ ಆಫೀಸಿನಲ್ಲಿ ದುಡಿದು ದಣಿದು ಗುಜರಿಗೆ ಬಿದ್ದಿದ್ದ ಜೀವಕ್ಕೆ ಹೊಸ ಅಂಗಿ ತೊಡಿಸಿ ಕೂರಿಸಿದ್ದರು.

ಅಂಗಡಿಯವನು ಸುಳ್ಳು ಹೇಳಿದನಾ? ಇಲ್ಲ. ಅದು ಐ5 ಹೌದು. ಎಮ್ಮೆ ಕೊಳ್ಳೋಕೆ ಹೋದಾಗ ಎಷ್ಟನೇ ಸೂಲು ಅಂತ ಕೇಳದೆ ಅಕ್ಕ ಹಗ್ಗ ಹಿಡಿಯೋಳಲ್ಲ. ಕಂಪ್ಯೂಟರ್ ವಿಷಯದಲ್ಲಿ ಆ ಪ್ರಶ್ನೆ ಕೇಳಬೇಕಾಗಿದ್ದವನು ನಾನು, ಮೀಟಿಂಗಿನಲ್ಲಿದ್ದೆ.

ಗೊತ್ತಿಲ್ಲದವರಿಗಾಗಿ ಹೇಳ್ತೀನಿ. ಐ5 ಅನ್ನೋದು ಒಂದು ಪ್ರೊಸೆಸರಿನ ಹೆಸರಲ್ಲ. 2009ರಿಂದ ಇಂಟೆಲ್ ತನ್ನ ನಡುವಿನ ದರ್ಜೆಯ ಪ್ರೊಸೆಸರುಗಳಿಗೆಲ್ಲ ಇಡುತ್ತಾ ಬಂದ ಮನೆತನದ ಹೆಸರು. ಅದರಲ್ಲಿ ಹತ್ತಾರು ತಲೆಮಾರುಗಳಿವೆ. ಅಜ್ಜನೂ ಐ5, ಮರಿಮಗನೂ ಐ5. 2022ರಲ್ಲಿ ಬಂದ ಐ3-12100, ಸ್ಟಿಕ್ಕರಿನ ಲೆಕ್ಕದಲ್ಲಿ "ಕಮ್ಮಿ" ದರ್ಜೆಯದು, ಆ ಹಳೇ ಐ5-2400ನ್ನು ಸಲೀಸಾಗಿ ಹಿಂದೆ ಹಾಕುತ್ತೆ. ಇದು ಈ ಬರಹ ಓದುವ ಅರ್ಧ ಜನಕ್ಕೆ ಗೊತ್ತೇ ಇದೆ. ಗೊತ್ತಿದ್ದೂ ಫೋನಿನಲ್ಲಿ "ಐ5" ಅಂತೀವಿ ನೋಡಿ, ಅದು ನನ್ನ ತಕರಾರು.

ಈಗ 2023ರ ಏಪ್ರಿಲ್‌ಗೆ ಬರ್ತೀನಿ. ಅಕ್ಕನ ಮಗಳು ಲಿಂಗಸುಗೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮಾಡ್ತಿದ್ದಾಳೆ. ದಿನಾ ಬಸ್ಸಿನಲ್ಲಿ ಹೋಗಿ ಬರೋದು. ಮೊಬೈಲ್ ಆ್ಯಪ್ ಮಾಡೋ ಪ್ರಾಜೆಕ್ಟು ಬಂತು. ಅಣ್ಣನ ಐ5ನಲ್ಲಿ ಆಂಡ್ರಾಯ್ಡ್ ಸ್ಟುಡಿಯೊ ತೆರೆದರೆ, ಅದು ತೆರೆಯೋ ಹೊತ್ತಿಗೆ ಅವ್ವ ನಾಲ್ಕು ರೊಟ್ಟಿ ಬಡಿದಿರ್ತಾಳೆ ಅಂತ ಅವಳೇ ಹೇಳಿದ್ದು. ಅದೂ ಅಲ್ಲದೆ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸ್ತೀವಿ ಅಂತ ಮೈಕ್ರೋಸಾಫ್ಟ್ ಹೇಳಿಯಾಗಿತ್ತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರಾದರೂ ಬೇಕು. ನಮ್ಮದು ಎರಡನೇದು. 28 ಸಾವಿರದ ಐ5 ಮೂರೇ ವರ್ಷಕ್ಕೆ ಮೂಲೆ ಸೇರೋ ಗಿರಾಕಿ.

ಮನೆಯಲ್ಲಿ ಈ ಸಲ 30 ಸಾವಿರದ ಲೆಕ್ಕ. ಸೊಸಿ ಫೋನ್ ಮಾಡಿ ಕೇಳಿದಳು, "ಮಾಮಾ, ನಾ ಒಂದೀಟು ಓದಿ ನೋಡೀನಿ. ಇದೇ ರೊಕ್ಕಕ್ಕ ಎಎಂಡಿ ರೈಜನ್ ಚೊಲೋ ಬರ್ತೈತಂತ. ತಗೊಳ್ಳೂಣೇನು?"

ನಾನು ಥಟ್ಟನೆ ಅಂದೆ, "ಎಎಂಡಿ ಬ್ಯಾಡವಾ. ಆಂಡ್ರಾಯ್ಡ್ ಎಮ್ಯುಲೇಟರ್ ಅದರಾಗ ನಡಿಯಂಗಿಲ್ಲ. ಗೊತ್ತಿಲ್ಲದ್ದಕ್ಕ ಕೈ ಹಾಕಬ್ಯಾಡ."

ಅವಳು ಒಂದು ಗಳಿಗೆ ಸುಮ್ಮನಿದ್ದು ಕೇಳಿದಳು, "ನಿನ್ನ ಫೋನ್‌ನ್ಯಾಗ ಯಾವ ಇಂಟೆಲ್ ಐತಿ ಮಾಮಾ?"

ಮಾತಿಗೆ ಉತ್ತರ ಇರಲಿಲ್ಲ. ಫೋನಿನಲ್ಲಿರೋದು ಆರ್ಮ್ ಮಾದರಿಯ ಪ್ರೊಸೆಸರು. ಯಾರದ್ದು ಅಂತ ಕೊಳ್ಳುವಾಗ ನಾನು ಕೇಳಿಯೂ ಇರಲಿಲ್ಲ. ಆವತ್ತು ರಾತ್ರಿ ಕೂತು ಹುಡುಕಿದೆ. ಎಮ್ಯುಲೇಟರ್ ಎಎಂಡಿಯಲ್ಲಿ ಕುಂಟುತ್ತೆ ಅನ್ನೋದು ಒಂದು ಕಾಲಕ್ಕೆ ನಿಜವೇ. ಅದನ್ನು ಜೋರಾಗಿ ಓಡಿಸೋ ತಂತ್ರಾಂಶ ಇಂಟೆಲ್‌ಗೆ ಮಾತ್ರ ಇತ್ತು. ಆದರೆ 2018ರ ಜುಲೈನಲ್ಲೇ ಗೂಗಲ್ ಎಎಂಡಿಗೂ ಆ ದಾರಿ ಮಾಡಿಕೊಟ್ಟಿತ್ತು. ಅಂದ್ರೆ ನಾನು ಐದು ವರ್ಷ ಹಿಂದೆ ಸತ್ತುಹೋದ ಸತ್ಯವನ್ನು ಹೆಗಲ ಮೇಲೆ ಹೊತ್ತುಕೊಂಡು ತಿರುಗ್ತಿದ್ದೆ. ಅದನ್ನೇ ಒಬ್ಬ ಹುಡುಗಿಗೆ "ತಜ್ಞರ ಸಲಹೆ" ಅಂತ ಕೊಡ್ತಿದ್ದೆ.

ನಾವು ಹೇಳೋ ಕಾರಣಗಳೆಲ್ಲ ಹೆಚ್ಚುಕಡಿಮೆ ಇಂಥವೇ. ಒಂದೊಂದಾಗಿ ಬಿಚ್ಚಿ ನೋಡೋಣ.

ಮೊದಲನೇದು, ಎಎಂಡಿ ಬಿಸಿಯಾಗುತ್ತೆ. ಸಿಂಧನೂರಿನ ಅಂಗಡಿಯಲ್ಲಿ ನನಗೆ ಹೇಳಿದ ಮಾತು, "ನಮ್ಮ ಬಿಸಲಿಗೆ ಅದು ತಡಿಯಂಗಿಲ್ರಿ ಸರ." ರಾಯಚೂರು ಜಿಲ್ಲೆಯ ಬಿಸಿಲು ಗೊತ್ತಿರೋರು ಈ ಮಾತಿಗೆ ಹೆದರಲೇಬೇಕು. ಈ ಹೆದರಿಕೆ ಗಾಳಿಯಿಂದ ಹುಟ್ಟಿದ್ದಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಅನ್ನೋ ಜಾಲತಾಣ ಓಡುತ್ತಿರುವ ಪ್ರೊಸೆಸರಿನ ಮೇಲಿಂದ ಹೀಟ್‌ಸಿಂಕ್ ಕಿತ್ತು ತೋರಿಸಿದ ವಿಡಿಯೊದಲ್ಲಿ ಎಎಂಡಿಯ ಅಥ್ಲಾನ್ ಸುಟ್ಟು ಹೊಗೆಯಾಡಿತ್ತು. ಪೆಂಟಿಯಂ 4 ತಾನೇ ನಿಧಾನವಾಗಿ ಬದುಕಿಕೊಂಡಿತ್ತು. ಮುಂದೆ 2013ರಲ್ಲಿ ಬಂದ ಎಫ್‌ಎಕ್ಸ್-9590 ಅಂತೂ 220 ವಾಟ್‌ನ ಒಲೆ. ಆದರೆ 2017ರಲ್ಲಿ ರೈಜನ್ ಬಂದ ಮೇಲೆ ಮನೆತನವೇ ಬೇರೆ. ನಾವು ನೋಡಿದ ರೈಜನ್ 3 3200ಜಿ ಪ್ರೊಸೆಸರಿನ ಟಿಡಿಪಿ, ಅಂದ್ರೆ ಕೂಲರ್ ಹೊರಗೆ ಹಾಕಬೇಕಾದ ಬಿಸಿಯ ಲೆಕ್ಕ, 65 ವಾಟ್. ಅಕ್ಕನ ಮನೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತ ಐ5-2400ರದು 95 ವಾಟ್. ಬಿಸಿಲಿಗೆ ಹೆದರಿ ನಾವು ಮನೆಗೆ ತಂದಿದ್ದು ಹೆಚ್ಚು ಬಿಸಿಯದನ್ನೇ!

ಎರಡನೇದು, ಅದರಲ್ಲಿ ಸಾಫ್ಟ್‌ವೇರ್ ನಡೆಯೋದಿಲ್ಲ. ನಿಮ್ಮ ಆಫೀಸಿನ ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಉಬುಂಟು ಇದ್ದರೆ ಅದನ್ನು ಡೌನ್‌ಲೋಡ್ ಮಾಡಿದ ಫೈಲಿನ ಹೆಸರು ನೆನಪಿಸಿಕೊಳ್ಳಿ. ಕೊನೆಗೆ "ಎಎಂಡಿ64" ಅಂತ ಇರುತ್ತೆ. ವಿಂಡೋಸ್ ಇದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ಪ್ರೊಸೆಸರ್ ಆರ್ಕಿಟೆಕ್ಚರ್ ಯಾವುದು ಅಂತ ಕೇಳಿ ನೋಡಿ. ಇಂಟೆಲ್ ಸ್ಟಿಕ್ಕರಿನ ಯಂತ್ರವೇ "ಎಎಂಡಿ64" ಅಂತ ಉತ್ತರ ಕೊಡುತ್ತೆ. ಯಾಕಂದ್ರೆ ಇವತ್ತು ನಾವೆಲ್ಲ ಬಳಸೋ 64 ಬಿಟ್‌ನ ಈ ಭಾಷೆಯನ್ನು ಮೊದಲು ತಂದಿದ್ದು ಎಎಂಡಿ, 2003ರಲ್ಲಿ. ಮರುವರ್ಷ ಇಂಟೆಲ್ ಅದನ್ನೇ ತನ್ನ ಪ್ರೊಸೆಸರಿಗೆ ಕಲಿಸಿತು. ಅದಕ್ಕೂ ಮುಂಚೆ 1982ರಲ್ಲಿ ಐಬಿಎಂನ ಪಿಸಿಗೆ ಎರಡನೇ ಪೂರೈಕೆದಾರ ಬೇಕು ಅಂತ ಇಂಟೆಲ್‌ನ ವಿನ್ಯಾಸವನ್ನೇ ತಯಾರಿಸೋ ಲೈಸೆನ್ಸು ಎಎಂಡಿಗೆ ಸಿಕ್ಕಿತ್ತು. ಇಂಟೆಲ್ ಹುಟ್ಟಿದ್ದು 1968ರಲ್ಲಿ, ಎಎಂಡಿ 1969ರಲ್ಲಿ. ಒಂದೇ ಕೇರಿಯ ಅಕ್ಕಪಕ್ಕದ ಮನೆಯವರು. ಒಬ್ಬರನ್ನು ನೆಂಟರು, ಇನ್ನೊಬ್ಬರನ್ನು ಎಲ್ಲಿಂದಲೋ ಬಂದವರು ಅಂತ ನೋಡೋದು ನಾವು ಮಾತ್ರ. ಎಲ್ಲಿಂದಲೋ ಯಾಕೆ, ಅದೇ ಎಎಂಡಿ 2023ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ಡಿಸೈನ್ ಕೇಂದ್ರ ತೆರೆದಿದ್ದು ನಮ್ಮ ಬೆಂಗಳೂರಿನಲ್ಲಿ.

ಮೂರನೇದು, ಕೆಟ್ಟರೆ ರಿಪೇರಿ ಮಾಡೋರು ಯಾರು? ಇದು ಗಟ್ಟಿ ಪ್ರಶ್ನೆ. ಆದರೆ ಊರಲ್ಲಿ ಕಂಪ್ಯೂಟರ್ ಕೆಡೋದು ಹೇಗೆ? ಕರೆಂಟ್ ಹೋಗಿ ಬಂದು ಎಸ್‌ಎಂಪಿಎಸ್ ಸುಡುತ್ತೆ, ಹಾರ್ಡ್ ಡಿಸ್ಕ್ ಹೋಗುತ್ತೆ, ಮೆಮೊರಿಗೆ ಧೂಳು ಕೂರುತ್ತೆ, ಮೌಸಿನ ವೈರನ್ನು ಇಲಿ ಕಡಿಯುತ್ತೆ. ಇವೆಲ್ಲ ಎರಡೂ ಕಡೆಗೆ ಒಂದೇ. ಪ್ರೊಸೆಸರ್ ತಾನಾಗೇ ಕೆಟ್ಟಿದ್ದನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಬೇರೆ ಇರೋದು ಮದರ್‌ಬೋರ್ಡ್ ಒಂದೇ. ಅದು ಕೆಟ್ಟರೆ ಯಾವ ಕಂಪನಿಯದಾದರೂ ಹೊರಗಿನಿಂದ ತರಿಸಲೇಬೇಕು.

ಕಾರಣಗಳು ಮುಗಿದ ಮೇಲೆ ಉಳಿಯೋದು ಒಂದೇ. ನಮಗೆ ಗೊತ್ತಿಲ್ಲ ಅನ್ನೋದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನೋ ಬದಲು "ರಿಸ್ಕ್" ಅಂತ ಹೆಸರಿಟ್ಟು ಕರೀತೀವಿ.

ಸರಿ, ಈ ಸಲ ಫೋನಿನಲ್ಲಿ ಮುಗಿಸಲಿಲ್ಲ. ನಾಲ್ಕು ದಿನ ರಜೆ ಹಾಕಿ ಊರಿಗೆ ಹೋದೆ. ಮೊದಲು ಸೊಸಿಯನ್ನು ಕರೆದುಕೊಂಡು ಲಿಂಗಸುಗೂರು, ಸಿಂಧನೂರು ಎರಡೂ ಕಡೆ ಅಂಗಡಿ ಸುತ್ತಿದೆ. ಒಂದು ಕಡೆ 26 ಸಾವಿರಕ್ಕೆ ಐ5 ಸೆಟ್ಟು ಇತ್ತು. "ಎಷ್ಟನೇ ಜನರೇಶನ್?" ಅಂತ ಸೊಸಿ ಕೇಳಿದಳು. "ಅದೆಲ್ಲ ಯಾರೂ ಕೇಳಂಗಿಲ್ಲವಾ, ಐ5 ಐತಿ ಅಷ್ಟ," ಅಂದರು. ಒತ್ತಾಯ ಮಾಡಿ ತೆರೆಸಿ ನೋಡಿದರೆ ನಾಲ್ಕನೇದು, 2013ರ ಮಾಲು. ಎಎಂಡಿ ಎರಡೂ ಊರಲ್ಲಿ ನಾವು ಹೋದ ಅಂಗಡಿಗಳಲ್ಲಿ ಇರಲಿಲ್ಲ. "ಗಿರಾಕಿ ಕೇಳಂಗಿಲ್ರಿ, ನಾವ್ ತರಂಗಿಲ್ಲ."

ಕೊನೆಗೆ ಬಿಡಿಭಾಗ ಆನ್‌ಲೈನಿನಲ್ಲೇ ತರಿಸಿದ್ವಿ. ಲೆಕ್ಕ ಬರೆದುಬಿಡ್ತೀನಿ, ಯಾರಿಗಾದರೂ ಬೇಕಾದೀತು. ರೈಜನ್ 3 3200ಜಿ 8,000, ಬಿ450 ಮದರ್‌ಬೋರ್ಡ್ 5,500, 8 ಜಿಬಿಯ ಎರಡು ಮೆಮೊರಿ 3,200, 500 ಜಿಬಿ ಎಸ್‌ಎಸ್‌ಡಿ 2,800, ಕ್ಯಾಬಿನೆಟ್ ಮತ್ತು ಎಸ್‌ಎಂಪಿಎಸ್ 4,000, ಮಾನಿಟರ್ 6,000, ಕೀಬೋರ್ಡ್, ಮೌಸ್ 700. ಒಟ್ಟು 30,200 ರೂಪಾಯಿ. ಗ್ರಾಫಿಕ್ಸ್ ಆ ಪ್ರೊಸೆಸರಿನೊಳಗೇ ಇದೆ. ಬೇರೆ ಕಾರ್ಡ್ ಬೇಡ. ಅದು ಮೆಮೊರಿಯನ್ನೇ ಹಂಚಿಕೊಂಡು ಬಳಸೋದರಿಂದ 16 ಜಿಬಿಯ ಒಂದೇ ಕಡ್ಡಿಗಿಂತ ಎಂಟೆಂಟರ ಎರಡು ಕಡ್ಡಿ ಹಾಕೋದು ಲೇಸು. ಜೋಡೆತ್ತಿನ ಗಾಡಿಯ ಹಾಗೆ.

ಮನೆಯಲ್ಲೇ ಕೂತು ಜೋಡಿಸಬಹುದಿತ್ತು. ಆದರೆ ನಾನು ಬೆಂಗಳೂರಿಗೆ ಹೋದ ಮೇಲೆ ಅದನ್ನು ಬಿಚ್ಚಿ ನೋಡೋ ಕೈ ಒಂದಾದರೂ ಹತ್ತಿರದಲ್ಲಿ ಇರಬೇಕಲ್ಲ? ಅದಕ್ಕೆ ಸಿಂಧನೂರಿನ ಒಂದು ಸಣ್ಣ ರಿಪೇರಿ ಅಂಗಡಿಗೆ ಎಲ್ಲ ಡಬ್ಬಿ ಹೊತ್ತುಕೊಂಡು ಹೋದ್ವಿ. ಅಲ್ಲಿನ ಹುಡುಗನಿಗೆ ಇಪ್ಪತ್ತೊಂದು-ಇಪ್ಪತ್ತೆರಡು ವಯಸ್ಸಿರಬೇಕು. ನಾಲ್ಕು ವರ್ಷದಿಂದ ಇದೇ ಕೆಲಸ. ಪ್ರೊಸೆಸರಿನ ಡಬ್ಬಿ ಬಿಚ್ಚಿ, ತಿರುಗಿಸಿ ನೋಡಿ ಹೌಹಾರಿದ. "ಅಯ್ಯ, ಇದಕ್ಕ ಕಾಲ ಅದಾವಲ್ರಿ ಸರ!"

ಅವನು ಹೌಹಾರಿದ್ದರಲ್ಲಿ ತಪ್ಪೇನಿಲ್ಲ. ಇಂಟೆಲ್ 2004ರಿಂದಲೇ ಡೆಸ್ಕ್‌ಟಾಪ್ ಪ್ರೊಸೆಸರಿನ ಪಿನ್ನುಗಳನ್ನು ತೆಗೆದು ಮದರ್‌ಬೋರ್ಡಿನ ಸಾಕೆಟ್ಟಿಗೆ ಹಾಕಿತು. ಹಾಗಾಗಿ ಅವನು ಕಂಡ ಪ್ರೊಸೆಸರುಗಳೆಲ್ಲ ಚಪ್ಪಟೆ ಬಿಲ್ಲೆಗಳು. ಎಎಂಡಿಯ ಎಎಂ4 ಮಾದರಿಯಲ್ಲಿ ಪಿನ್ನು ಪ್ರೊಸೆಸರಿನ ಹೊಟ್ಟೆಯಲ್ಲೇ ಇರುತ್ತೆ, ಒಟ್ಟು 1331. 2022ರ ಎಎಂ5ರಲ್ಲಿ ಎಎಂಡಿಯೂ ಅವನ್ನು ಸಾಕೆಟ್ಟಿಗೆ ಸಾಗಿಸಿತು, ಆ ಮಾತು ಬೇರೆ. ಮೂಲೆಯ ತ್ರಿಕೋನದ ಗುರುತನ್ನು ಸಾಕೆಟ್ಟಿನ ಗುರುತಿಗೆ ಸೇರಿಸಿ, ಒತ್ತದೆ, ತಾನಾಗೇ ಕೂರೋ ಹಾಗೆ ಬಿಡಬೇಕು. ಒತ್ತಿದರೆ ಪಿನ್ನು ಬಾಗಿ ಎಂಟು ಸಾವಿರ ಹೋಯ್ತು ಅಂತಲೇ ಲೆಕ್ಕ. ಹುಡುಗ ಕೈ ಒರೆಸಿಕೊಂಡು, ಉಸಿರು ಹಿಡಿದು, ಬೆಣ್ಣೆ ಮೇಲೆ ಎಲೆ ಇಟ್ಟ ಹಾಗೆ ಇಟ್ಟ. ಲಿವರ್ ಒತ್ತಿದ. "ಇದು ಕೂಲರ್ ತೆಗಿಯುವಾಗ ಅಂಟಿಕೊಂಡು ಮ್ಯಾಲೆ ಬರಂಗಿಲ್ಲೇನ್ರಿ?" ಅಂತ ಕೇಳಿದ. ಎಎಂ4 ಬಿಚ್ಚೋರು ನಿಜಕ್ಕೂ ಹೆದರಬೇಕಾದ ವಿಷಯ ಅದೇ. ಯಾರೂ ಹೇಳಿಕೊಡದೆ, ಮೊದಲ ಸಲ ನೋಡಿ ಐದೇ ನಿಮಿಷಕ್ಕೆ ಅವನಿಗೆ ಹೊಳೆದಿತ್ತು. ಸ್ವಲ್ಪ ಬಿಸಿ ಮಾಡಿ, ಮೆಲ್ಲಗೆ ತಿರುಗಿಸಿ ಎತ್ತಬೇಕು ಅಂದೆ. ತಲೆಯಾಡಿಸಿದ.

ಈಗ ಹೇಳಿ, ಆ ಹುಡುಗ ನಾಲ್ಕು ವರ್ಷ ಯಾಕೆ ಇದನ್ನು ನೋಡಿರಲಿಲ್ಲ? ಅವನಿಗೆ ಬುದ್ಧಿ ಇರಲಿಲ್ಲ ಅಂತಲಾ? ಗೊತ್ತಿಲ್ಲ ಅಂತ ಯಾರೂ ಕೇಳೋದಿಲ್ಲ. ಯಾರೂ ಕೇಳೋದಿಲ್ಲ ಅಂತ ಅಂಗಡಿಯವರು ತರೋದಿಲ್ಲ. ಅಂಗಡಿಯವರು ತರೋದಿಲ್ಲ ಅಂತ ಯಾರಿಗೂ ಗೊತ್ತಾಗೋದಿಲ್ಲ. ಈ ಗಾಣದ ಸುತ್ತು ಎಲ್ಲಿ ಶುರುವಾಗುತ್ತೆ ಅಂದ್ರೆ, ಮೀಟಿಂಗಿನ ಮಧ್ಯೆ ಫೋನ್ ಎತ್ತಿ "ಐ5" ಅನ್ನೋ ನಮ್ಮ ಬಾಯಲ್ಲಿ. ಊರಲ್ಲಿ ಎಎಂಡಿ ಸಿಗೋದಿಲ್ಲ ಅಂತ ನಾವು ದೂರ್ತೀವಲ್ಲ, ಸಿಗದ ಹಾಗೆ ಮಾಡಿದವರಲ್ಲಿ ನಾವೂ ಇದ್ದೀವಿ.

ಎಲ್ಲ ಸುಸೂತ್ರ ಆಯ್ತು ಅಂತ ಹೇಳಿದರೆ ನಂಬಬೇಡಿ. ಮಸ್ಕಿಗೆ ತಂದು ಆಂಡ್ರಾಯ್ಡ್ ಸ್ಟುಡಿಯೊ ಹಾಕಿದ್ವಿ. ಎಮ್ಯುಲೇಟರ್ ಏಳಲೇ ಇಲ್ಲ. "ನಾ ಮೊದ್ಲ ಹೇಳಿದ್ನಿಲ್ಲೋ?" ಅನ್ನೋ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು, ನಾಚಿಕೆಯಿಂದ ಹೇಳ್ತೀನಿ. ಅರ್ಧ ರಾತ್ರಿ ಅದರಲ್ಲೇ ಹೋಯ್ತು. ಕೊನೆಗೆ ಸೊಸಿಯೇ ಕಂಡುಹಿಡಿದಳು. ಇಂಟೆಲ್ ಬೋರ್ಡಿನ ಬಯಾಸಿನಲ್ಲಿ ವಿಟಿ-ಎಕ್ಸ್ ಅಂತ ಇರೋ ಗುಂಡಿ ಇಲ್ಲಿ ಎಸ್‌ವಿಎಂ ಅನ್ನೋ ಹೆಸರಲ್ಲಿ ಇತ್ತು, ನಮ್ಮ ಬೋರ್ಡಿನಲ್ಲಿ ಆಫ್ ಆಗಿತ್ತು. ಆನ್ ಮಾಡಿ, ವಿಂಡೋಸಿನಲ್ಲಿ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಚಾಲೂ ಮಾಡಿದ ಮೇಲೆ ಓಡಿತು. ಹೊಸದರ ಖರ್ಚು ಅಂದ್ರೆ ಇದೇ. ಒಂದು ರಾತ್ರಿಯ ನಿದ್ದೆ, ಒಂದು ಹೊಸ ಹೆಸರು. ಇದನ್ನು ಉಳಿಸೋಕೆ ಹೋಗಿ 2020ರಲ್ಲಿ ನಾನು ಅಕ್ಕನ 28 ಸಾವಿರ ಕಳೆದಿದ್ದೆ.

ಬಿಸಿಯ ಮಾತು? ಹೊರಗೆ 41 ಡಿಗ್ರಿ ಇದ್ದ ಮಧ್ಯಾಹ್ನ, ಫ್ಯಾನ್ ಮಾತ್ರ ಇರೋ ಕೋಣೆಯಲ್ಲಿ, ಅರ್ಧ ಗಂಟೆ ಪ್ರೊಸೆಸರನ್ನು ಪೂರ್ತಿ ದುಡಿಸಿ ನೋಡಿದೆ. 75 ಡಿಗ್ರಿ ಆಸುಪಾಸಿನಲ್ಲಿ ನಿಂತಿತು. ಕಂಪನಿ ಹೇಳೋ ಮೇಲಿನ ಮಿತಿ 95. ಡಬ್ಬಿಯ ಜೊತೆ ಬಂದ ಕೂಲರೇ ಸಾಕಾಯ್ತು.

ಭಾವ ಇದನ್ನೆಲ್ಲ ಕಟ್ಟೆ ಮೇಲೆ ಕೂತು ನೋಡ್ತಿದ್ದವರು ಒಂದು ಮಾತು ಹೇಳಿದರು. "ಹೊಸಾ ಬೀಜ ಬಂತಂದ್ರ ನಾವ್ ಪೂರಾ ಹೊಲಕ್ಕ ಹಾಕಂಗಿಲ್ಲಪಾ. ಒಂದ್ ನಾಕ್ ಸಾಲ ಹಾಕಿ ನೋಡ್ತೀವಿ. ಆದ್ರ ನೋಡದನ ಬ್ಯಾಡ ಅನ್ನಂಗಿಲ್ಲ." ಹತ್ತಿಯಲ್ಲಿ, ತೊಗರಿಯಲ್ಲಿ ಎಷ್ಟು ತಳಿ ಬಂದು ಹೋದವು ಅಂತ ಅವರಿಗೆ ಬಾಯಿಪಾಠ. ಮಳೆ ಕೈಕೊಟ್ಟರೆ ವರ್ಷವೇ ಹೋಗೋ ಮನುಷ್ಯ ನಾಲ್ಕು ಸಾಲಿನ ಧೈರ್ಯ ಮಾಡ್ತಾನೆ. ತಿಂಗಳ ಕೊನೆಗೆ ಸಂಬಳ ಬಂದೇ ಬರೋ ನಾವು ಆ ನಾಲ್ಕು ಸಾಲನ್ನೂ ಬಿತ್ತೋದಿಲ್ಲ.

ಅಥವಾ ಬಿತ್ತುತ್ತೀವಿ, ನಮಗೆ ಬೇಕಾದಾಗ ಮಾತ್ರ. 2020ರ ನವೆಂಬರಿನಲ್ಲಿ ಆ್ಯಪಲ್ ತನ್ನದೇ ಎಂ1 ಪ್ರೊಸೆಸರಿನ ಮ್ಯಾಕ್‌ಬುಕ್ ತಂದಿತು. ಮ್ಯಾಕಿನ ಮಟ್ಟಿಗೆ ಪೂರ್ತಿ ಹೊಸ ಜಾತಿ. ಡಾಕರ್ ಸರಿಯಾಗಿ ಓಡ್ತಿರಲಿಲ್ಲ, ಎಷ್ಟೋ ಸಾಫ್ಟ್‌ವೇರನ್ನು ರೊಸೆಟ್ಟಾ ಅನ್ನೋ ದುಭಾಷಿ ಇಟ್ಟುಕೊಂಡು ಓಡಿಸಬೇಕಿತ್ತು. ನಮ್ಮಲ್ಲಿ ಎಷ್ಟು ಜನ ಅದನ್ನು ಇಎಂಐ ಮೇಲೆ ತಂದು ಮೂರು ದಿನ ಸ್ಟೇಟಸ್ ಹಾಕಲಿಲ್ಲ ಹೇಳಿ! ಯಾರಾದರೂ "ಗೊತ್ತಿಲ್ಲದ ಪ್ರೊಸೆಸರ್, ರಿಸ್ಕ್ ಬೇಡ" ಅಂದ್ರಾ? ಆಫೀಸಿನಲ್ಲಿ ಕ್ಲೌಡ್ ಬಿಲ್ಲು ಇಳಿಸಬೇಕು ಅಂದಾಗ ಅಮೆಜಾನಿನ ಗ್ರಾವಿಟಾನ್‌ಗೆ, ಅದೂ ಆರ್ಮ್, ಇಡೀ ಸರ್ವಿಸನ್ನೇ ಸಾಗಿಸಿ ಅಪ್ರೈಸಲ್‌ನಲ್ಲಿ ಬರ್ಕೊಂಡೋರು ನಾವೇ. ಲಕ್ಷದ ಲ್ಯಾಪ್‌ಟಾಪಿಗೆ ಹೊಸ ಪ್ರೊಸೆಸರ್ ಬಂದರೆ ಅದು ಪ್ರಗತಿ. ಮೂವತ್ತು ಸಾವಿರದ ಡೆಸ್ಕ್‌ಟಾಪಿಗೆ ಬಂದರೆ ರಿಸ್ಕ್. ಈ ನ್ಯಾಯ ಎಲ್ಲಿಂದ ಕಲಿತ್ವಿ?

ಒಬ್ಬ ಸಹೋದ್ಯೋಗಿಗೆ ಇದನ್ನು ಹೇಳಿದಾಗ ಅವನ ಉತ್ತರ ಹೀಗಿತ್ತು: "ನಮಗೆ ಏನಾದ್ರೂ ಆದ್ರೆ ಸರಿಮಾಡ್ಕೋತೀವಿ ಗುರೂ. ಊರೋರಿಗೆ ಗೊತ್ತಾಗಲ್ಲ. ಸೇಫ್ ಇರೋದೇ ಹೇಳಬೇಕು." ಕಾಳಜಿಯ ಮಾತು ಅನಿಸುತ್ತೆ. ಆದರೆ ಒಂಬತ್ತು ವರ್ಷ ಹಳೇ ಚಿಪ್ಪು, ಹೆಸರಿಲ್ಲದ ಬೋರ್ಡು, ಮುಂದಿನ ವಿಂಡೋಸ್ ಬೇಡ ಅಂತ ಬಾಗಿಲು ಹಾಕಿದ ಯಂತ್ರ ಸೇಫ್ ಹೇಗಾಗುತ್ತೆ? ಅದು ಸೇಫ್ ನಮಗೆ. ನಾಳೆ ಕೆಟ್ಟರೆ "ನಾನು ಐ5 ಅಂದಿದ್ದೆ, ಅದಕ್ಕಿಂತ ಏನು ಹೇಳಲಿ" ಅಂತ ತಪ್ಪಿಸಿಕೊಳ್ಳಬಹುದು. ರೈಜನ್ ಹೇಳಿ ಕೆಟ್ಟರೆ ಬೈಗುಳ ನಮಗೆ ಬರುತ್ತೆ. ನಾವು ಕಾಪಾಡ್ತಿರೋದು ಅಕ್ಕನ ದುಡ್ಡನ್ನಲ್ಲ, ನಮ್ಮ ಹೆಸರನ್ನು. "ಊರೋರಿಗೆ ಗೊತ್ತಾಗಲ್ಲ" ಅನ್ನೋದಕ್ಕೆ ಎಸ್‌ವಿಎಂ ಹುಡುಕಿದ ಹುಡುಗಿ, 1331 ಪಿನ್ನನ್ನು ಉಸಿರು ಹಿಡಿದು ಕೂರಿಸಿದ ಹುಡುಗ ಇಬ್ಬರೂ ಸಾಕು ಉತ್ತರ.

ನಾನು ಎಎಂಡಿ ಏಜೆಂಟ್ ಅಲ್ಲ. ಅದೇ ದುಡ್ಡಿಗೆ ಹೊಸ ತಲೆಮಾರಿನ ಐ3 ಒಳ್ಳೇ ಬೋರ್ಡಿನ ಜೊತೆ ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ನಾವು ಇದನ್ನು ಆರಿಸಿದ್ದಕ್ಕೆ ಕಾರಣ ಎರಡು. ಒಳಗಿನ ಗ್ರಾಫಿಕ್ಸು ಗಟ್ಟಿ. ನಾಳೆ ಕೈಯಲ್ಲಿ ದುಡ್ಡು ಬಂದರೆ, ಬಯಾಸ್ ಅಪ್‌ಡೇಟ್ ಮಾಡಿ, ಅದೇ ಬೋರ್ಡಿಗೆ ಆರು ಕೋರಿನ ರೈಜನ್ 5 5600ಜಿ ಕೂರಿಸಬಹುದು. ಕೊರತೆಯೂ ಇದೆ. ಮದರ್‌ಬೋರ್ಡ್ ಕೆಟ್ಟರೆ ಸಿಂಧನೂರಿನಲ್ಲಿ ಆ ದಿನವೇ ಸಿಗೋದಿಲ್ಲ, ವಾರ ಕಾಯಬೇಕು. ಅದನ್ನು ಅಕ್ಕನಿಗೆ ಮೊದಲೇ ಹೇಳಿದ್ದೆ. ಹೇಳಿ ಕೊಡಿಸೋದಕ್ಕೂ ಹೇಳದೆ ಕೊಡಿಸೋದಕ್ಕೂ ವ್ಯತ್ಯಾಸ ಇದೆ.

ಹಾಗಾದರೆ ಮುಂದಿನ ಸಲ ಫೋನ್ ಬಂದಾಗ ಏನು ಮಾಡಬೇಕು? ಮೀಟಿಂಗಿನಲ್ಲಿದ್ದರೆ "ಸಂಜೆ ಮಾಡ್ತೀನಿ, ಇವತ್ತು ಏನೂ ತಗೋಬೇಡ್ರಿ" ಅನ್ನಿ. ಸಂಜೆ ಮಾಡಿ. ದುಡ್ಡೆಷ್ಟು, ಕೆಲಸ ಏನು ಅಂತ ಕೇಳಿ. ಪ್ರೊಸೆಸರಿನ ಪೂರ್ತಿ ಹೆಸರನ್ನು, ಅಂಕಿ ಅಕ್ಷರ ಸಮೇತ, ಚೀಟಿಯಲ್ಲಿ ಬರೆಸಿಕೊಂಡು ಫೋಟೊ ಕಳಿಸೋಕೆ ಹೇಳಿ. ಅದು ಯಾವ ವರ್ಷ ಬಂತು ಅಂತ ನೋಡಿ. ಬೋರ್ಡಿಗೆ, ಎಸ್‌ಎಂಪಿಎಸ್‌ಗೆ ಬಿಲ್ಲು ಮತ್ತು ವಾರಂಟಿ ಇದೆಯಾ ಅಂತ ಕೇಳಿಸಿ. ಇಪ್ಪತ್ತು ನಿಮಿಷದ ಕೆಲಸ. ನಾವು ಒಂದು ಹೆಡ್‌ಫೋನ್ ಕೊಳ್ಳೋಕೆ ಮೂರು ರಾತ್ರಿ ರಿವ್ಯೂ ಓದ್ತೀವಿ.

ಇಂಟೆಲ್ ಇನ್‌ಸೈಡ್ ಅಂತ ಕಂಪ್ಯೂಟರಿನ ಹೊರಗೆ ಬರೆಯೋದು ಶುರುವಾಗಿದ್ದು 1991ರಲ್ಲಿ. ಅದಕ್ಕೆ ಬಹಳ ಮೊದಲು, 1915ರಲ್ಲಿ, ಬೀಡನ್ ಅನ್ನೋ ಒಬ್ಬ ಗಣಿ ಎಂಜಿನಿಯರು ಚಿನ್ನ ಹುಡುಕ್ತಾ ಬಂದು ನಮ್ಮ ಮಸ್ಕಿಯ ಗುಡ್ಡದಲ್ಲಿ ಒಂದು ಬರಹ ಕಂಡ. ಅಲ್ಲಿವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ ಅನ್ನೋ ಬಿರುದು ಇತ್ತು, ಒಳಗಿನ ಮನುಷ್ಯನ ಹೆಸರು ಇರಲಿಲ್ಲ. ಬಿರುದಿನ ಜೊತೆ ಅಶೋಕ ಅನ್ನೋ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯ ಬಂಡೆಯಲ್ಲಿ. ಬಿರುದು ಓದಿ ಸುಮ್ಮನಾಗದೆ ಒಳಗ್ಯಾರು ಅಂತ ನೋಡೋ ವಿದ್ಯೆಗೆ ನಮ್ಮೂರಲ್ಲೇ ಸಾಕ್ಷಿ ಇದೆ. ಆ ಶಾಸನದ ತಾತ್ಪರ್ಯ ಏನು ಗೊತ್ತಾ? ಇದು ದೊಡ್ಡವರಿಗೆ ಮಾತ್ರ ಸಿಗೋದು ಅಂತ ತಿಳಿಯಬೇಡಿ, ಸಣ್ಣವರೂ ಮನಸ್ಸಿಟ್ಟು ದುಡಿದರೆ ಪಡೆಯಬಹುದು ಅಂತ. ಅವನು ಹೇಳಿದ್ದು ಧರ್ಮದ ಬಗ್ಗೆ. ನಾನು 30,200 ರೂಪಾಯಿಯ ಕಂಪ್ಯೂಟರಿಗೂ ಅನ್ವಯಿಸಿಕೊಂಡೆ.

ಮೊನ್ನೆ ಸಿಂಧನೂರಿನ ಆ ಹುಡುಗ ಫೋನ್ ಮಾಡಿದ್ದ. "ಸರ, ಇನ್ನೊಬ್ರು ಕಾಲಿರೋದು ತರಸ್ಯಾರ್ರೀ. ನಾನ ಕೂರಿಸಿದೆ." ನಾನು ಮೀಟಿಂಗಿನಲ್ಲಿದ್ದೆ. ಆದರೂ ಹೊರಗೆ ಬಂದು ಹತ್ತು ನಿಮಿಷ ಮಾತಾಡಿದೆ.